ಕಾಲೇಜಿನ ಅಕ್ಷರಗಳು: ಹೊಸ ವಿದ್ಯಾರ್ಥಿಗಳಿಗೂ ಪೋಷಕರಿಗೂ



ಕಾಫಿಯಲ್ಲಿ ‘ಪಿ.ಬಿ.’ ಎಂದರೇನು, ‘ಔಟ್‌ಟರ್ನ್’ ಎಂದರೇನು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡಿಕೆಯ ರಾಶಿ, ಬೆಟ್ಟೆ, ಗೊರಬಲುಗಳ ವ್ಯತ್ಯಾಸವೂ ಹಾಗೆಯೇ. ತಿಳಿಯದವನು ಮಂಡಿಯಲ್ಲಿ ನಷ್ಟ ಅನುಭವಿಸುತ್ತಾನೆ. ಕಾಲೇಜಿಗೂ ಅದರದೇ ಆದ ಅಕ್ಷರಗಳುಂಟು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಿಂದ ಹಾಸನಕ್ಕೆ ಓದಲು ಹೋಗುವ ಎಷ್ಟೋ ಮಕ್ಕಳು ತಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ನೋಟೀಸು ಫಲಕದ ಅಕ್ಷರ ಅರ್ಥವಾಗದೆ, ಕೇಳಲು ಸಂಕೋಚಪಟ್ಟು, ಒಂದು ಸೆಮಿಸ್ಟರನ್ನೇ ಕಳೆದುಕೊಳ್ಳುವ ಅಪಾಯವುಂಟು.

ಸೇರುವ ಮುನ್ನ

‘ಸಿ.ಇ.ಟಿ.’ ಎಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ. ಅದನ್ನು ನಡೆಸುವುದು ‘ಕೆ.ಇ.ಎ.’, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯಿದೆ. ಇದಕ್ಕೆ ಶಾಲೆಯ ಪ್ರಮಾಣಪತ್ರದ ಮೇಲೆ ‘ಬಿ.ಇ.ಒ.’, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಕೊನೆಯ ದಿನದವರೆಗೆ ಕಾಯಬಾರದು. ಕೃಷಿ ಪದವಿಗೆ ರೈತರ ಮಕ್ಕಳಿಗೆಂದೇ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ತೋಟದಲ್ಲಿ ಬೆಳೆದ ಮಗುವಿಗೆ ಅದು ಭಯಪಡುವಂಥದ್ದಲ್ಲ.

ಸೇರಿದ ಮೇಲೆ

ಎಂಜಿನಿಯರಿಂಗನ್ನೇ ಉದಾಹರಣೆಯಾಗಿ ನೋಡೋಣ. ‘ವಿ.ಟಿ.ಯು.’ ಎಂದರೆ 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಅದು ಕೊಡುವ ‘ಯು.ಎಸ್.ಎನ್.’ ವಿದ್ಯಾರ್ಥಿಯ ಗುರುತಿನ ಸಂಖ್ಯೆ. ಅದರ ಮೊದಲ ಅಂಕಿ ವಿಭಾಗವನ್ನು ಸೂಚಿಸುತ್ತದೆ. ಮೈಸೂರು ವಿಭಾಗಕ್ಕೆ 4. ನಂತರ ಕಾಲೇಜು, ಸೇರಿದ ವರ್ಷ, ಶಾಖೆ, ಕ್ರಮಸಂಖ್ಯೆ ಬರುತ್ತವೆ. ‘ಸ್ವಾಯತ್ತ’ ಕಾಲೇಜು ಎಂದರೆ ಪಠ್ಯ, ಪರೀಕ್ಷೆ ಕಾಲೇಜಿನದೇ, ಪದವಿ ಮಾತ್ರ ವಿಶ್ವವಿದ್ಯಾಲಯದ್ದು. 1960ರಲ್ಲಿ ಸ್ಥಾಪನೆಯಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇಂಥದು.

‘ಸಿ.ಐ.ಇ.’ ಎಂದರೆ ವರ್ಷವಿಡೀ ಕಾಲೇಜಿನಲ್ಲೇ ನಡೆಯುವ ಕಿರುಪರೀಕ್ಷೆ, ಮನೆಗೆಲಸಗಳ ಅಂಕ. ‘ಎಸ್.ಇ.ಇ.’ ಸೆಮಿಸ್ಟರ್ ಕೊನೆಯ ಪರೀಕ್ಷೆ. ವಿ.ಟಿ.ಯು.ನಲ್ಲಿ ಎರಡಕ್ಕೂ 50 ಅಂಕ. ಸಿ.ಐ.ಇ.ಯಲ್ಲಿ 20 ಬಾರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತೆಯೇ ಇಲ್ಲ. ‘ಕೊನೆಗೆ ಓದಿಕೊಂಡರಾಯಿತು’ ಎಂಬ ಮಾತು ಇಲ್ಲಿ ನಡೆಯದು.

‘ಕ್ರೆಡಿಟ್’ ಎಂದರೆ ವಿಷಯದ ತೂಕ. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್. ‘ಎಸ್.ಜಿ.ಪಿ.ಎ.’ ಒಂದು ಸೆಮಿಸ್ಟರಿನ ಸರಾಸರಿ, ‘ಸಿ.ಜಿ.ಪಿ.ಎ.’ ಈವರೆಗಿನ ಎಲ್ಲ ಸೆಮಿಸ್ಟರುಗಳ ಸರಾಸರಿ. ಬೇರೆ ಬೇರೆ ದರಕ್ಕೆ ಮಾರಿದ ಮೂಟೆಗಳ ಸರಾಸರಿ ದರ ತೆಗೆದಂತೆಯೇ ಈ ಲೆಕ್ಕ. 4 ಕ್ರೆಡಿಟ್ಟಿನ ವಿಷಯದಲ್ಲಿ 8, 3 ಕ್ರೆಡಿಟ್ಟಿನದರಲ್ಲಿ 9, ಇನ್ನೊಂದು 3 ಕ್ರೆಡಿಟ್ಟಿನದರಲ್ಲಿ 6 ಬಂದರೆ 32, 27, 18 ಕೂಡಿ 77. ಅದನ್ನು 10 ಕ್ರೆಡಿಟ್ಟಿನಿಂದ ಭಾಗಿಸಿದರೆ 7.7. ಹೆಚ್ಚು ಕ್ರೆಡಿಟ್ಟಿನ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ‘ಬ್ಯಾಕ್‌ಲಾಗ್’ ಎಂದರೆ ತೇರ್ಗಡೆಯಾಗದೆ ಉಳಿದ ವಿಷಯ, ಸಾಲದ ಬಾಕಿಯಂತೆ.

ಹಾಜರಾತಿ

ಪೋಷಕರು ಗಮನಿಸಬೇಕಾದ ಮುಖ್ಯ ವಿಷಯ ಇದು. ವಿ.ಟಿ.ಯು. ನಿಯಮದಂತೆ ಶೇ. 85 ಹಾಜರಾತಿ ಇರಬೇಕು. 60 ತರಗತಿ ನಡೆದರೆ 51ಕ್ಕೆ ಹೋಗಲೇಬೇಕು, ತಪ್ಪಿಸಬಹುದಾದದ್ದು 9 ಮಾತ್ರ. ಸಕಾರಣವಿದ್ದರೆ ಶೇ. 75ರವರೆಗೆ ವಿನಾಯಿತಿ ಸಿಗಬಹುದು. ಅದಕ್ಕೆ ‘ಕಂಡೋನೇಷನ್’ ಎನ್ನುತ್ತಾರೆ. ಅದು ಹಕ್ಕಲ್ಲ. ಕಾಫಿ ಕೊಯ್ಲಿಗೆ, ಅಡಿಕೆ ಸುಲಿತಕ್ಕೆ ಆಳು ಸಿಗದಾಗ ‘ಒಂದು ವಾರ ಬಂದು ಹೋಗಪ್ಪ’ ಎಂದು ಮಗನನ್ನು ಕರೆಯುವುದು ನಮ್ಮಲ್ಲಿ ಸಹಜ. ಕರೆಯುವ ಮುನ್ನ ಎಷ್ಟು ತರಗತಿ ಉಳಿದಿದೆ ಎಂದು ಕೇಳಿ. ಉಳಿಸಿದ ಕೂಲಿಗಿಂತ ಕಳೆದ ಸೆಮಿಸ್ಟರ್ ದುಬಾರಿ.

ಕೊನೆಯದಾಗಿ ಒಂದು ಮಾತು. ಕೃಷಿ ಕಾಲೇಜಿನ ಮಕ್ಕಳು ಹಳ್ಳಿಯಲ್ಲಿ ತಂಗಿ ರೈತರಿಂದ ಕಲಿಯುವುದನ್ನು ‘ರಾವೆ’ ಎನ್ನುತ್ತಾರೆ, ಅಂದರೆ ಗ್ರಾಮೀಣ ಕೃಷಿ ಕಾರ್ಯಾನುಭವ. ಆ ಮಕ್ಕಳು ನಮ್ಮ ತೋಟಗಳಲ್ಲಿ ನಿಂತು ಗೊತ್ತಿಲ್ಲದ್ದನ್ನು ಸಂಕೋಚವಿಲ್ಲದೆ ಕೇಳುತ್ತಾರೆ, ನಾವೂ ಪ್ರೀತಿಯಿಂದ ಹೇಳುತ್ತೇವೆ. ನಮ್ಮ ಮಕ್ಕಳೂ ಕಾಲೇಜಿನಲ್ಲಿ ಹಾಗೆಯೇ ಕೇಳಲಿ. ಮೊದಲ ವಾರದಲ್ಲೇ ಕಾಲೇಜಿನ ನಿಯಮಾವಳಿಯನ್ನು ತಂದು, ಮನೆಯವರೆಲ್ಲ ಕುಳಿತು ಒಮ್ಮೆ ಓದಬೇಕೆಂದು ಕೋರುತ್ತೇವೆ.