ಸೂಜಿಮದ್ದು ಕೈಗೆಟುಕುವವರೆಗೆ ಕೊಬ್ಬು ಕಾಯುವುದಿಲ್ಲ

ಸಿಂಧನೂರು ಸೀಮೆಯ ಸಾಲಗುಂದದ ಕಡೆ ಎದೆ ಹಿಡಿದುಕೊಂಡರೆ ಮೊದಲು ಬರುವ ಮಾತು ‘ಗ್ಯಾಸ್ ಆಗೇತಿ’. ಒಂದು ಸೋಡಾ, ಒಂದು ಗುಳಿಗೆ, ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಒರಗು. ಅಂಗಿ ಬೆವರಿನಲ್ಲಿ ತೊಯ್ದು ಎಡಗೈ ಸೆಳೆಯತೊಡಗಿದ ಮೇಲೆ ಗಾಡಿ ಹುಡುಕುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರ ಮುಂದಾಳತ್ವದಲ್ಲಿ ದೇಶದ 20,468 ಹೃದಯರೋಗಿಗಳ ಅಧ್ಯಯನ ನಡೆದು 2008ರಲ್ಲಿ ಪ್ರಕಟವಾಯಿತು. ನೋವು ಕಾಣಿಸಿಕೊಂಡು ಆಸ್ಪತ್ರೆ ಮುಟ್ಟಲು ಅರ್ಧದಷ್ಟು ಜನರಿಗೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹಿಡಿದಿತ್ತು.

ಆದರೆ ನನ್ನ ಆತಂಕ ಆ ಆರು ಗಂಟೆಗಳದ್ದಲ್ಲ, ಅದಕ್ಕೂ ಮುಂಚಿನ ಇಪ್ಪತ್ತು ವರ್ಷಗಳದ್ದು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲಿನ ಕಣಗಳು ರಕ್ತನಾಳದ ಗೋಡೆಯೊಳಗೆ ನುಸುಳಿ ಕೂರುತ್ತವೆ. ಅವನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ತಿಂದು ತಿಂದು ಅಲ್ಲೇ ಸಾಯುತ್ತವೆ. ಹೀಗೆ ಬೆಳೆದ ಗಡ್ಡೆ ಒಂದು ದಿನ ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹೃದಯದ ನಾಳವನ್ನು ಮುಚ್ಚಿದರೆ ಅದೇ ಹೃದಯಾಘಾತ.

ಈ ಗಡ್ಡೆಯನ್ನು ಪ್ರೋಟೀನಿನಿಂದಲೇ ತೊಳೆಯಬಹುದೆಂಬ ಆಸೆ ಹುಟ್ಟಿದ್ದು ಇಟಲಿಯ ಲಿಮೋನೆ ಎಂಬ ಚಿಕ್ಕ ಊರಿನಿಂದ. ಅಲ್ಲಿನ ಕೆಲವು ಮನೆತನದವರಲ್ಲಿ ಒಳ್ಳೆಯ ಕೊಲೆಸ್ಟರಾಲ್ ತೀರಾ ಕಡಿಮೆ, ಆದರೂ ಹೃದಯ ಗಟ್ಟಿ. ಒಳ್ಳೆಯ ಕೊಲೆಸ್ಟರಾಲಿನ ಮುಖ್ಯ ಪ್ರೋಟೀನಾದ ಎಪಿಒಎ-1ರ ಅಪರೂಪದ ರೂಪವೊಂದು ಅವರ ರಕ್ತದಲ್ಲಿ ಸಿಕ್ಕಿತು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಹೃದಯರೋಗಿಗಳಿಗೆ ವಾರಕ್ಕೊಮ್ಮೆಯಂತೆ ಐದು ವಾರ ಕೊಟ್ಟಾಗ ಗಡ್ಡೆಯ ಗಾತ್ರ ಶೇ 4.2ರಷ್ಟು ಕುಗ್ಗಿತೆಂದು 2003ರಲ್ಲಿ ವರದಿಯಾಯಿತು. ಜಗತ್ತು ಹಿಗ್ಗಿತು. ಆದರೆ ಪರೀಕ್ಷೆಯಾದದ್ದು 47 ಜನರ ಮೇಲೆ ಮಾತ್ರ.

ಮುಂದಿನ ಕಥೆ ಅಷ್ಟು ಹಿತವಾಗಿಲ್ಲ. ಮಾನವ ರಕ್ತದಿಂದ ತೆಗೆದ ಎಪಿಒಎ-1 ಪ್ರೋಟೀನಿನ ಸಿಎಸ್‌ಎಲ್-112 ಔಷಧವನ್ನು 18,219 ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. 2024ರಲ್ಲಿ ಬಂದ ಫಲಿತಾಂಶದಂತೆ, 90 ದಿನಗಳಲ್ಲಿ ಔಷಧ ಪಡೆದವರಲ್ಲಿ ಶೇ 4.8, ಪಡೆಯದವರಲ್ಲಿ ಶೇ 5.2 ಜನರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳ ಕಾಯಿಲೆಯಿಂದ ಸಾವು. ಅಂತರ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು, ಇದನ್ನು ಗೆಲುವೆನ್ನಲಾಗದು. ಭಾರತೀಯರಲ್ಲಿ ಒಳ್ಳೆಯ ಕೊಲೆಸ್ಟರಾಲ್ ಕಡಿಮೆ ಇರುವವರೇ ಹೆಚ್ಚು. ಹಾಗಾಗಿ ಈ ಸೋಲು ನಮಗೆ ಹೆಚ್ಚು ತಟ್ಟಬೇಕು.

ಗೆದ್ದದ್ದು ಇನ್ನೊಂದು ದಾರಿ. ಪಿಸಿಎಸ್‌ಕೆ-9 ಎಂಬ ಪ್ರೋಟೀನನ್ನು ಕಟ್ಟಿಹಾಕುವ ಪ್ರತಿಕಾಯಗಳು ಎಲ್‌ಡಿಎಲ್ ಅನ್ನು ಅರ್ಧಕ್ಕಿಂತ ಕೆಳಗಿಳಿಸುತ್ತವೆ. ಅವುಗಳ ಸೂಜಿಮದ್ದು ನಮ್ಮಲ್ಲೂ ಸಿಗುತ್ತದೆ, ಆದರೆ ಕೂಲಿಕಾರರ ಕೈಗೆಟುಕುವ ಬೆಲೆಯಲ್ಲಲ್ಲ. ಈ ದಾರಿ ತೋರಿದವರ ಇನ್ನೊಂದು ಅಂಕಿ ಮನಸ್ಸಿನಲ್ಲಿರಲಿ: ಪಿಸಿಎಸ್‌ಕೆ-9 ತಯಾರಿಸುವ ವಂಶವಾಹಿ ಹುಟ್ಟಿನಿಂದಲೇ ಕೆಟ್ಟಿದ್ದ ಕಪ್ಪು ಅಮೆರಿಕನ್ನರಲ್ಲಿ ಎಲ್‌ಡಿಎಲ್ ಶೇ 28ರಷ್ಟು ಕಡಿಮೆಯಿತ್ತು, ಹೃದಯರೋಗ ಶೇ 88ರಷ್ಟು ಕಡಿಮೆ. ಅಂದರೆ ಎಷ್ಟು ಇಳಿಸಿದಿರಿ ಎಂಬುದರಷ್ಟೇ, ಎಷ್ಟು ವರ್ಷ ಇಳಿಸಿದಿರಿ ಎಂಬುದೂ ಮುಖ್ಯ. ಐವತ್ತರಲ್ಲಿ ಕೊಡುವ ಯಾವ ಮದ್ದೂ ಇಪ್ಪತ್ತರಿಂದ ಕಳೆದ ವರ್ಷಗಳನ್ನು ಮರಳಿಸಲಾರದು.

ಆ ವರ್ಷಗಳು ನಮ್ಮಲ್ಲಿ ಕಳೆಯುವ ಬಗೆ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆಯಲ್ಲಿ ಜೋಳದ ಜಾಗಕ್ಕೆ ಭತ್ತ ಬಂತು, ತಟ್ಟೆಯಲ್ಲಿ ರೊಟ್ಟಿಯ ಜಾಗಕ್ಕೆ ಬಿಳಿ ಅನ್ನ. ಕೊಯ್ಲು ಯಂತ್ರದ ಪಾಲಾಗಿ ಮೈದುಡಿಮೆ ತಗ್ಗಿತು. ಮುಂಜಾನೆ ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ಜೇಬಿನಲ್ಲಿ ಗುಟ್ಕಾ ಚೀಟಿ. ಐಸಿಎಂಆರ್‌ನ 2023ರ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಐವರಲ್ಲಿ ಒಬ್ಬರಿಗೆ ಎಲ್‌ಡಿಎಲ್ ಹೆಚ್ಚು. ಅವರಲ್ಲಿ ಬಹುಪಾಲು ಜನರಿಗೆ ಅದರ ಅರಿವಿರುವ ಸಾಧ್ಯತೆ ಕಡಿಮೆ, ಏಕೆಂದರೆ ಅದು ನೋಯುವುದಿಲ್ಲ.

ಮೂವತ್ತು ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿ ಬಿಪಿ, ಸಕ್ಕರೆ ನೋಡುತ್ತಾರೆ. ಕೊಲೆಸ್ಟರಾಲ್ ಅದರ ಕಡ್ಡಾಯ ಪಟ್ಟಿಯಲ್ಲಿಲ್ಲ. ಅಪ್ಪನಿಗೋ ಅಣ್ಣನಿಗೋ ಐವತ್ತೈದರೊಳಗೆ ಹೃದಯಾಘಾತವಾಗಿದ್ದ ಮನೆಯ ಹುಡುಗರನ್ನಾದರೂ ಮೊದಲು ಕರೆದು ರಕ್ತ ತೆಗೆಯಬೇಕು. ಕೊಲೆಸ್ಟರಾಲ್ ಏರಿದ್ದರೆ ವೈದ್ಯರು ಬರೆಯುವ ಸ್ಟ್ಯಾಟಿನ್ ಗುಳಿಗೆ ಹಳೆಯದು, ಅಗ್ಗದ್ದು, ಲಕ್ಷಾಂತರ ಜನರ ಮೇಲೆ ಪರೀಕ್ಷೆಯಾದದ್ದು. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಇಂದೇ ತಲುಪಿಸಬಹುದಾದ ಮದ್ದು ಅದು.