ಮಸೂರ, ಯೋಗ, ಅರ್ಥವ್ಯವಸ್ಥೆ: ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಕುರಿತ ಸಂಶೋಧನೆಗಳ ಪರಿಶೀಲನೆ

ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಕುರಿತ ಸಂಶೋಧನ ಸಾಹಿತ್ಯವನ್ನು ಒಂದೆಡೆ ಕಲೆಹಾಕಲು ಹೊರಟವರು ಗ್ರಂಥಾಲಯದಲ್ಲಿ ಮೂರು ಬೇರೆ ಬೇರೆ ಕಪಾಟುಗಳ ಮುಂದೆ ನಿಲ್ಲಬೇಕಾಗುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಕೃತಕ ಮಸೂರ, ಸೋಂಕು ನಿವಾರಣೆ ಇವುಗಳ ಬಗೆಗಿನ ಲೇಖನಗಳು ವೈದ್ಯಕೀಯ ವಿಭಾಗದಲ್ಲಿರುತ್ತವೆ. ಸಂಸ್ಥಾಪಕ ಡಾ. ಜಿ. ವೆಂಕಟಸ್ವಾಮಿಯವರ ಸಾಧಕ ಜೀವನ, ಸೇವಾಭಾವ, ನಾಯಕತ್ವ ಕುರಿತ ಬರಹಗಳು ನಿರ್ವಹಣಾಶಾಸ್ತ್ರದ ವಿಭಾಗದಲ್ಲಿ, ಅದರಲ್ಲಿಯೂ ವ್ಯವಹಾರದಲ್ಲಿ ಅಧ್ಯಾತ್ಮ ಎಂಬ ಈಚಿನ ಶೀರ್ಷಿಕೆಯಡಿ ದೊರೆಯುತ್ತವೆ. ದಾನವನ್ನು ನೆಚ್ಚದೆ ಬಡವರಿಗೆ ಚಿಕಿತ್ಸೆ ನೀಡುವ ಆಸ್ಪತ್ರೆಯ ಲೆಕ್ಕಾಚಾರ ಅರ್ಥಶಾಸ್ತ್ರಜ್ಞರ ಪಾಲಿಗೆ ಬಂದಿದೆ. ಮೂರೂ ಕ್ಷೇತ್ರಗಳ ವಿದ್ವಾಂಸರು ಒಂದೇ ಕಟ್ಟಡವನ್ನು ಮೂರು ಬಾಗಿಲುಗಳಿಂದ ನೋಡಿದ್ದಾರೆ. ಒಬ್ಬರ ಬರಹವನ್ನು ಮತ್ತೊಬ್ಬರು ಓದಿದ ಕುರುಹು ವಿರಳ. ಆದರೆ ಈ ಸಂಸ್ಥೆಯ ವೈಶಿಷ್ಟ್ಯವಿರುವುದು ಮೂರೂ ಸಂಗತಿಗಳು ಪರಸ್ಪರ ಹೆಣೆದುಕೊಂಡಿರುವ ರೀತಿಯಲ್ಲಿ. ಒಂದನ್ನು ಬಿಡಿಸಿ ತೆಗೆದರೆ ಉಳಿದೆರಡೂ ಅರ್ಥ ಕಳೆದುಕೊಳ್ಳುತ್ತವೆ.

ಗೋವಿಂದಪ್ಪ ವೆಂಕಟಸ್ವಾಮಿಯವರು 1918ರಲ್ಲಿ ತಮಿಳುನಾಡಿನ ವಡಮಲಾಪುರಂ ಎಂಬ ಹಳ್ಳಿಯ ಕೃಷಿಕ ಕುಟುಂಬದಲ್ಲಿ ಜನಿಸಿದರು. 1944ರಲ್ಲಿ ಮದರಾಸಿನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಸೇನೆಯ ವೈದ್ಯಕೀಯ ದಳವನ್ನು ಸೇರಿದ ಅವರನ್ನು ತೀವ್ರ ಸಂಧಿವಾತವು ಹಾಸಿಗೆ ಹಿಡಿಸಿತು. ಬೆರಳುಗಳು ಸೊಟ್ಟಗಾದವು. ಪ್ರಸೂತಿ ತಜ್ಞರಾಗಬೇಕೆಂದಿದ್ದವರು ನೇತ್ರವಿಜ್ಞಾನದತ್ತ ಹೊರಳಿ, ಆ ಬೆರಳುಗಳಿಗೇ ಸೂಕ್ಷ್ಮ ಉಪಕರಣ ಹಿಡಿಯುವ ಅಭ್ಯಾಸ ಮಾಡಿಸಿದರು. ಪಾಂಡಿಚೇರಿಯ ಶ್ರೀ ಅರವಿಂದರ ಪೂರ್ಣಯೋಗದ ಪರಿಚಯ ಅವರ ಜೀವನದ ದಿಕ್ಕನ್ನು ನಿರ್ಧರಿಸಿತು. ಲೋಕವನ್ನು ತೊರೆಯುವುದಕ್ಕಿಂತ ಲೋಕದ ಕರ್ಮವನ್ನೇ ಸಾಧನೆಯ ಕ್ಷೇತ್ರವಾಗಿಸಿಕೊಳ್ಳಬೇಕೆಂಬುದು ಆ ಯೋಗದ ನಿಲುವು. 1976ರಲ್ಲಿ, 58ನೆಯ ವಯಸ್ಸಿನಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ವೆಂಕಟಸ್ವಾಮಿಯವರು ಒಡಹುಟ್ಟಿದವರನ್ನೂ ಅವರ ಬಾಳಸಂಗಾತಿಗಳನ್ನೂ ಜೊತೆಗೂಡಿಸಿಕೊಂಡು ಮಧುರೈನ ಒಂದು ಮನೆಯಲ್ಲಿ 11 ಹಾಸಿಗೆಗಳ ಆಸ್ಪತ್ರೆಯನ್ನು ತೆರೆದರು. ತೇನಿ (1985), ತಿರುನೆಲ್ವೇಲಿ (1988), ಕೊಯಮತ್ತೂರು (1997), ಪುದುಚೇರಿ (2003) ಶಾಖೆಗಳು ಅನಂತರದವು. 2006ರಲ್ಲಿ ಅವರು ನಿಧನರಾದಾಗ ಅದು ಜಗತ್ತಿನ ಅತಿ ದೊಡ್ಡ ನೇತ್ರಚಿಕಿತ್ಸಾ ಸಂಸ್ಥೆಗಳಲ್ಲಿ ಒಂದಾಗಿತ್ತು.

ತಂತ್ರಜ್ಞಾನದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಪೊರೆ ಬಂದ ಮಸೂರವನ್ನು ಕಣ್ಣಿನಿಂದ ತೆಗೆಯುವುದು ಹಳೆಯ ವಿದ್ಯೆ. ತೆಗೆದ ಸ್ಥಳವನ್ನು ತುಂಬುವುದು ಹೊಸದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ಕಣ್ಣಿನೊಳಗೆ ಸಿಡಿದ ಪಾರದರ್ಶಕ ಪ್ಲಾಸ್ಟಿಕ್ಕಿನ ಚೂರುಗಳನ್ನು ಕಣ್ಣು ಸಹಿಸಿಕೊಳ್ಳುವುದನ್ನು ಕಂಡ ಆಂಗ್ಲ ಶಸ್ತ್ರವೈದ್ಯ ಹೆರಾಲ್ಡ್ ರಿಡ್ಲಿ, 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಬಗೆಯ ವಸ್ತುವಿನಿಂದ ಮಾಡಿದ ಮಸೂರವನ್ನು ರೋಗಿಯ ಕಣ್ಣಿನಲ್ಲಿ ಕೂರಿಸಿದರು. ಅವರ ವೃತ್ತಿಬಾಂಧವರೇ ಬಹುಕಾಲ ಅದನ್ನು ವಿರೋಧಿಸಿದರು. 1980ರ ದಶಕದ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಕೃತಕ ಮಸೂರ ರೂಢಿಗೆ ಬಂದರೂ ಭಾರತದ ಬಡ ರೋಗಿಗೆ ಸಿಗುತ್ತಿದ್ದುದು ಪೊರೆ ತೆಗೆದ ಮೇಲೆ ಕೊಡುವ ದಪ್ಪ ಗಾಜಿನ ಕನ್ನಡಕ ಮಾತ್ರ. ಆ ಕನ್ನಡಕ ವಸ್ತುಗಳನ್ನು ದೊಡ್ಡದಾಗಿ ತೋರಿಸುತ್ತದೆ, ಬದಿಯ ನೋಟವನ್ನು ಕೆಡಿಸುತ್ತದೆ. ಹೊಲದಲ್ಲಿ ಬಿದ್ದು ಒಡೆದರೆ ಮತ್ತೆ ಕುರುಡೇ. ಲೆಕ್ಕಪತ್ರದಲ್ಲಿ ಯಶಸ್ವಿ ಎಂದು ದಾಖಲಾದ ಎಷ್ಟೋ ಶಸ್ತ್ರಚಿಕಿತ್ಸೆಗಳ ನಿಜವಾದ ಫಲಿತಾಂಶ ಇಷ್ಟೇ ಆಗಿತ್ತು.

ಕೃತಕ ಮಸೂರ ಬಡ ದೇಶಗಳಿಗೆ ಸೂಕ್ತವಲ್ಲ, ಅದು ದುಬಾರಿ, ಹಳ್ಳಿಗರಲ್ಲಿ ತೊಡಕುಗಳು ಹೆಚ್ಚಾದಾವು ಎಂಬ ಅಭಿಪ್ರಾಯ ಅಂತಾರಾಷ್ಟ್ರೀಯ ತಜ್ಞರಲ್ಲಿ ಆಗ ಪ್ರಬಲವಾಗಿತ್ತು. ಇದಕ್ಕೆ ಅರವಿಂದ ಸಂಸ್ಥೆ ಎರಡು ಮಾರ್ಗಗಳಲ್ಲಿ ಉತ್ತರಿಸಿತು. ಮೊದಲನೆಯದು ಸಂಶೋಧನೆ: ಸುಮಾರು 3,400 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ವಿಧಾನ ಮತ್ತು ಕನ್ನಡಕ, ಇನ್ನೊಂದಕ್ಕೆ ಕೃತಕ ಮಸೂರ ನೀಡಿ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಮಸೂರ ಪಡೆದವರ ದೃಷ್ಟಿಯಷ್ಟೇ ಅಲ್ಲ, ದೈನಂದಿನ ಬದುಕಿನ ಗುಣಮಟ್ಟವೂ ಉತ್ತಮವಾಗಿತ್ತು. ಎರಡನೆಯದು ಕಾರ್ಖಾನೆ. ಅಮೆರಿಕದ ಡೇವಿಡ್ ಗ್ರೀನ್ ಅವರ ನೆರವಿನಿಂದ 1992ರಲ್ಲಿ ಆರಂಭವಾದ ಆರೋಲ್ಯಾಬ್, ಆಮದಾದಾಗ ನೂರು ಡಾಲರಿನ ಆಸುಪಾಸಿನಲ್ಲಿದ್ದ ಮಸೂರವನ್ನು ಸುಮಾರು 10 ಡಾಲರಿಗೆ, ಮುಂದೆ ಇನ್ನೂ ಕಡಿಮೆ ಬೆಲೆಗೆ ತಯಾರಿಸಿತು. ಇಂದು ಅದರ ಉತ್ಪನ್ನಗಳು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ. ವೈದ್ಯಕೀಯ ತಂತ್ರಜ್ಞಾನದ ಇತಿಹಾಸಕಾರರು ಹೊಸ ಆವಿಷ್ಕಾರಗಳಿಗೆ ಕೊಡುವ ಮನ್ನಣೆಯನ್ನು ಬೆಲೆ ಇಳಿಸುವ ಆವಿಷ್ಕಾರಕ್ಕೆ ಕೊಡುವುದಿಲ್ಲ. ರಿಡ್ಲಿಯವರ ಮಸೂರ ಕೂಲಿಕಾರರ ಕಣ್ಣನ್ನು ತಲುಪಲು ಆ ಎರಡನೆಯ ಆವಿಷ್ಕಾರವೇ ಬೇಕಾಯಿತು.

ಸಂಶೋಧನೆಯ ಪ್ರಶ್ನೆಗಳು ಕೂಡ ಇಲ್ಲಿ ರೋಗಿಗಳಿಂದಲೇ ಹುಟ್ಟಿವೆ. ಭತ್ತದ ಗರಿ, ಮುಳ್ಳು ತಗುಲಿ ಕೃಷಿಕಾರ್ಮಿಕರ ಕಣ್ಣಿನಲ್ಲಾಗುವ ಶಿಲೀಂಧ್ರದ ಹುಣ್ಣಿಗೆ ಯಾವ ಔಷಧ ಮೇಲು ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊತೆಗೂಡಿ 323 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹೊಸ ಔಷಧವಾದ ವೊರಿಕೊನಜೋಲ್‌ಗಿಂತ ಹಳೆಯ ನ್ಯಾಟಾಮೈಸಿನ್ ಹೆಚ್ಚು ಫಲಕಾರಿ ಎಂಬುದು ಅದರ ತೀರ್ಮಾನ.

ಇನ್ನು ಅರ್ಥವ್ಯವಸ್ಥೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿ. ಕಸ್ತೂರಿ ರಂಗನ್ 1993ರಲ್ಲಿ ಬರೆದ ಪ್ರಕರಣ ಅಧ್ಯಯನವೂ ಸಿ. ಕೆ. ಪ್ರಹ್ಲಾದ್ ಅವರು 2004ರ ತಮ್ಮ ಗ್ರಂಥದಲ್ಲಿ ಕೊಟ್ಟ ಸ್ಥಾನವೂ ಅರವಿಂದವನ್ನು ಜಗತ್ತಿನ ನಿರ್ವಹಣಾ ಶಾಲೆಗಳ ಪಠ್ಯವಾಗಿಸಿದವು. ಹಣ ಕೊಡುವವರ ಶುಲ್ಕದಿಂದ ಕೊಡಲಾರದವರ ಚಿಕಿತ್ಸೆ ನಡೆಯುತ್ತದೆ ಎಂಬ ಸರಳ ವಿವರಣೆ ಅಲ್ಲಿಂದ ಹರಡಿತು. ಅದು ಸುಳ್ಳಲ್ಲ, ಆದರೆ ಸಾಲದು. ಅಂಥ ಅಡ್ಡ ಸಹಾಯಧನ ಕೆಲಸ ಮಾಡಬೇಕಾದರೆ ಪ್ರತಿ ಶಸ್ತ್ರಚಿಕಿತ್ಸೆಯ ವೆಚ್ಚವೇ ಅತ್ಯಂತ ಕಡಿಮೆಯಿರಬೇಕು. ಒಬ್ಬ ವೈದ್ಯರ ಮುಂದೆ ಎರಡು ಮೇಜುಗಳು. ಒಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ. ಸೂಕ್ಷ್ಮದರ್ಶಕ ಆ ಕಡೆಗೆ ತಿರುಗುತ್ತದೆ, ವೈದ್ಯರು ಹೊರಳುತ್ತಾರೆ. ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರ ಮಂದಿರಗಳ ಏಕರೂಪ ಕಾರ್ಯವಿಧಾನದಿಂದ ಸ್ಫೂರ್ತಿ ಪಡೆದುದಾಗಿ ವೆಂಕಟಸ್ವಾಮಿಯವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಯೋಗಸಾಧಕರೊಬ್ಬರ ಬಾಯಲ್ಲಿ ಆ ಹೆಸರು ಕೇಳಿ ಬೆರಗಾದ ವಿದೇಶಿ ಲೇಖಕರ ಸಂಖ್ಯೆ ಸಣ್ಣದಲ್ಲ.

ವೇಗವು ಸುರಕ್ಷತೆಯನ್ನು ಬಲಿಕೊಡುತ್ತದೆಯೆ ಎಂಬ ಶಂಕೆ ಸಹಜವಾದದ್ದು. ಆರು ಲಕ್ಷ ಪೊರೆ ಶಸ್ತ್ರಚಿಕಿತ್ಸೆಗಳ ದಾಖಲೆಗಳನ್ನು ಆಧರಿಸಿ ಈ ಆಸ್ಪತ್ರೆಯ ವೈದ್ಯರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಣ್ಣೊಳಗಿನ ತೀವ್ರ ಸೋಂಕಿನ ಪ್ರಮಾಣ ಶೇ. 0.07 ಇದ್ದುದು, ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣಿನೊಳಗೇ ಮಾಕ್ಸಿಫ್ಲಾಕ್ಸಸಿನ್ ಔಷಧ ನೀಡಿದವರಲ್ಲಿ ಶೇ. 0.02ಕ್ಕೆ ಇಳಿದಿರುವುದು ಕಾಣುತ್ತದೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಪರಿಸರ ವಿಜ್ಞಾನದ ಕಡೆಯಿಂದ ಬಂದಿತು. ಯಂತ್ರದ ನೆರವಿನಿಂದ ಪೊರೆ ತೆಗೆಯುವ ಒಂದು ಶಸ್ತ್ರಚಿಕಿತ್ಸೆಯಲ್ಲಿ ಅರವಿಂದ ಆಸ್ಪತ್ರೆ ಸುಮಾರು 250 ಗ್ರಾಂ ಕಸವನ್ನೂ ಆರು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆಯನ್ನೂ ಉಂಟುಮಾಡುತ್ತದೆ. ಇದು ಬ್ರಿಟನ್ನಿನಲ್ಲಿ ನಡೆಯುವ ಅದೇ ಶಸ್ತ್ರಚಿಕಿತ್ಸೆಯ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಮರುಬಳಕೆಯ ಬಟ್ಟೆ, ಶುದ್ಧೀಕರಿಸಿ ಮತ್ತೆ ಬಳಸುವ ಉಪಕರಣ, ಕಾಯುವ ಕಾಲವಿಲ್ಲದ ಕಾರ್ಯಕ್ರಮ ಇದಕ್ಕೆ ಕಾರಣ. ಪರಿಸರವನ್ನು ಉಳಿಸಲೆಂದು ಯಾರೂ ಇವನ್ನು ಯೋಜಿಸಲಿಲ್ಲ. ಬಡತನದ ನಡುವೆ ರೂಢಿಸಿಕೊಂಡ ಮಿತವ್ಯಯವನ್ನು ನಾಲ್ಕು ದಶಕಗಳ ಬಳಿಕ ಸುಸ್ಥಿರತೆ ಎಂಬ ಹೆಸರಿನಿಂದ ಗುರುತಿಸಲಾಯಿತು, ಅಷ್ಟೆ.

ಅಧ್ಯಾತ್ಮದ ಪ್ರಶ್ನೆ ಹೆಚ್ಚು ಜಟಿಲವಾದುದು. ಉದ್ಯೋಗಸ್ಥಳದಲ್ಲಿ ಅಧ್ಯಾತ್ಮ ಎಂಬುದು ಅಮೆರಿಕದ ನಿರ್ವಹಣಾ ವಿದ್ವಾಂಸರ ನಡುವೆ 1990ರ ದಶಕದ ಕೊನೆಯಲ್ಲಿ ಪ್ರತ್ಯೇಕ ಅಧ್ಯಯನ ಕ್ಷೇತ್ರವಾಗಿ ರೂಪುಗೊಂಡಿತು. ಇಯಾನ್ ಮಿಟ್ರಾಫ್ ಮತ್ತು ಎಲಿಜಬೆತ್ ಡೆಂಟನ್ ಅವರ ಗ್ರಂಥ ಬಂದದ್ದು 1999ರಲ್ಲಿ. ಈ ವಿಷಯಕ್ಕೆಂದೇ ಮೀಸಲಾದ ವಿದ್ವತ್ಪತ್ರಿಕೆ 2004ರಲ್ಲಿ ಆರಂಭವಾಯಿತು. ಈ ಕ್ಷೇತ್ರದ ಬಹುಪಾಲು ಅಧ್ಯಯನಗಳು ಪ್ರಶ್ನಾವಳಿಗಳನ್ನು ಅವಲಂಬಿಸಿವೆ. ತಮ್ಮ ಕೆಲಸದಲ್ಲಿ ಅರ್ಥ ಕಾಣುತ್ತದೆಯೆ, ಒಳಗಿನ ಶಾಂತಿಯಿದೆಯೆ ಎಂದು ನೌಕರರನ್ನೇ ಕೇಳಿ ಅಂಕಗಳನ್ನು ಕೂಡಿಸುವ ಕ್ರಮದಿಂದ ಅರವಿಂದದಂಥ ಸಂಸ್ಥೆಯ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಇನ್ನೊಂದು ತುದಿಯಲ್ಲಿ ಸಂತಚರಿತೆಯ ಧಾಟಿಯ ಬರಹಗಳಿವೆ. ಅವುಗಳಲ್ಲಿ ವ್ಯಕ್ತಿಯ ಮಹಿಮೆಯೇ ಸಂಸ್ಥೆಯ ಕಾರಣವಾಗಿಬಿಡುತ್ತದೆ. ಪವಿತ್ರಾ ಮೆಹ್ತಾ ಮತ್ತು ಸುಚಿತ್ರಾ ಶೆಣೈ ಅವರು 2011ರಲ್ಲಿ ಪ್ರಕಟಿಸಿದ ಗ್ರಂಥವು ನಿರ್ಧಾರಗಳ ಒಳವಿವರಗಳನ್ನು ಕೊಡುವುದರಿಂದ ಸಂಶೋಧಕರಿಗೆ ಉಪಯುಕ್ತ.

ಅಧ್ಯಾತ್ಮವನ್ನು ಹುಡುಕಬೇಕಾದದ್ದು ಅಂಥ ನಿರ್ಧಾರಗಳಲ್ಲಿಯೇ. ಉಚಿತ ಚಿಕಿತ್ಸೆ ಬೇಡುವವರಿಂದ ಬಡತನದ ಪ್ರಮಾಣಪತ್ರ ಕೇಳುವುದಿಲ್ಲ. ಯಾವ ವಿಭಾಗಕ್ಕೆ ಹೋಗಬೇಕೆಂಬುದನ್ನು ರೋಗಿಯೇ ತೀರ್ಮಾನಿಸುತ್ತಾನೆ. ಹಣ ಕೊಟ್ಟವರಿಗೆ ಸಿಗುವ ಹೆಚ್ಚಿನ ಸೌಲಭ್ಯ ಕೋಣೆ, ಹಾಸಿಗೆಗಳಿಗೂ ವಿಧಾನದ ಆಯ್ಕೆಗೂ ಸಂಬಂಧಿಸಿದ್ದು; ವೈದ್ಯರು ಎರಡೂ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡುತ್ತಾರೆ. ತಮ್ಮ ಕಾರ್ಯವಿಧಾನವನ್ನು ಪ್ರತಿಸ್ಪರ್ಧಿಗಳಾಗಬಹುದಾದ ಇತರ ಆಸ್ಪತ್ರೆಗಳಿಗೆ ಕಲಿಸಲೆಂದೇ 1992ರಲ್ಲಿ ಲೈಕೊ ಎಂಬ ತರಬೇತಿ ಸಂಸ್ಥೆಯನ್ನು ತೆರೆದರು. ಮಾರುಕಟ್ಟೆಯ ತರ್ಕದಿಂದ ನೋಡಿದರೆ ಈ ಮೂರೂ ನಷ್ಟದ ಹಾದಿಗಳು. ಆದರೆ ಪ್ರಮಾಣಪತ್ರ ಪರಿಶೀಲಿಸುವ ಗುಮಾಸ್ತರ ಖರ್ಚಿಲ್ಲ, ಬಡವರು ಹಿಂಜರಿಯುವುದಿಲ್ಲ. ರೋಗಿಗಳ ಸಂಖ್ಯೆ ಬೆಳೆಯುತ್ತದೆ, ಸಂಖ್ಯೆ ಬೆಳೆದಂತೆ ತಲಾ ವೆಚ್ಚ ಇಳಿಯುತ್ತದೆ. ನಂಬಿಕೆಯಿಂದ ಕೈಗೊಂಡ ನಿರ್ಧಾರ ಲೆಕ್ಕಪತ್ರದಲ್ಲಿಯೂ ನಿಲ್ಲುವ ಈ ಬಿಂದುವಿನಲ್ಲಿ ಮೂರು ಕಪಾಟುಗಳೂ ಸೇರುತ್ತವೆ.

ಸಾಮೂಹಿಕ ನೇತ್ರ ಶಿಬಿರಗಳ ಪರಂಪರೆ ಇದಕ್ಕಿಂತ ಹಳೆಯದು. ಬೀಳಗಿ ಮೂಲದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರಗಳಲ್ಲಿ ನಡೆಸಿದ ಶಸ್ತ್ರಚಿಕಿತ್ಸೆಗಳ ನೆನಪು ಕರ್ನಾಟಕದ ಹಿರಿಯರಲ್ಲಿ ಇನ್ನೂ ಇದೆ. ಅಲ್ಲಿ ವೈದ್ಯರೇ ಜನರ ಬಳಿಗೆ ಹೋದರು. ಅರವಿಂದ ಶಿಬಿರವನ್ನು ತಪಾಸಣೆಗೆ ಇಟ್ಟುಕೊಂಡು, ಶಸ್ತ್ರಚಿಕಿತ್ಸೆಗೆ ರೋಗಿಗಳನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆತಂದಿತು.

ಈ ವ್ಯವಸ್ಥೆಯ ಭಾರ ಹೊತ್ತವರ ಬಗ್ಗೆ ಸಂಶೋಧನ ಸಾಹಿತ್ಯ ತೋರಿರುವ ಆಸಕ್ತಿ ಮಾತ್ರ ಸಾಲದು. ಹಳ್ಳಿಗಳಿಂದ ಶಾಲಾ ಶಿಕ್ಷಣ ಮುಗಿಸಿ ಬರುವ ತರುಣಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ದೃಷ್ಟಿ ಪರೀಕ್ಷೆ, ರೋಗಿಯ ಸಿದ್ಧತೆ, ಶಸ್ತ್ರಚಿಕಿತ್ಸೆಯ ನೆರವು, ಆಪ್ತಸಲಹೆ ಎಲ್ಲವನ್ನೂ ಅವರಿಗೆ ವಹಿಸಲಾಗುತ್ತದೆ. ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇವರೇ. ಅರವಿಂದದ ಶಸ್ತ್ರವೈದ್ಯರೊಬ್ಬರು ವರ್ಷಕ್ಕೆ ಸುಮಾರು 2,000 ಶಸ್ತ್ರಚಿಕಿತ್ಸೆ ಮಾಡುತ್ತಾರೆಂಬ, ಎಲ್ಲೆಡೆ ಉದ್ಧರಿಸಲಾಗುವ ಅಂಕಿಯ ಹಿಂದೆ ಈ ಹೆಣ್ಣುಮಕ್ಕಳ ಕೈಗಳಿವೆ. ಅವರಿಗೆ ದೊರೆತ ವಿದ್ಯೆ, ಸ್ವಾವಲಂಬನೆ, ಊರಿನಲ್ಲಿ ಹೆಚ್ಚಿದ ಮರ್ಯಾದೆ ನಿಜವಾದ ಲಾಭಗಳೇ. ಆದರೂ ಸೇವೆ, ಸಮರ್ಪಣೆ ಎಂಬ ಮಾತುಗಳು ವೈದ್ಯರ ಬಾಯಲ್ಲಿ ಪಡೆಯುವ ಅರ್ಥವೂ ಕೆಳಹಂತದ ನೌಕರರ ದುಡಿಮೆಯ ಅವಧಿ, ಸಂಬಳಗಳ ಸಂದರ್ಭದಲ್ಲಿ ಪಡೆಯುವ ಅರ್ಥವೂ ಒಂದೇ ಅಲ್ಲ. ವ್ಯವಹಾರದಲ್ಲಿ ಅಧ್ಯಾತ್ಮವನ್ನು ಅಧ್ಯಯನ ಮಾಡುವವರು ಸಂಸ್ಥಾಪಕರ ದಿನಚರಿಯಷ್ಟೇ ಗಮನವನ್ನು ಈ ಸಿಬ್ಬಂದಿಯ ಹಾಜರಿ ಪುಸ್ತಕಕ್ಕೂ ಕೊಡಬೇಕಾಗಿದೆ.

ಆಸ್ಪತ್ರೆ ತನ್ನ ಮೇಲೆಯೇ ನಡೆಸಿಕೊಂಡ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ಉಚಿತ ಶಿಬಿರಗಳು ನಡೆದ ತಮಿಳುನಾಡಿನ ಹಳ್ಳಿಗಳಲ್ಲಿ ಕಣ್ಣಿನ ತೊಂದರೆಯಿದ್ದವರಲ್ಲಿ ಎಷ್ಟು ಮಂದಿ ಶಿಬಿರಕ್ಕೆ ಬಂದರು ಎಂಬುದನ್ನು ಅಳೆದ, 1999ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಸಿಕ್ಕ ಉತ್ತರ ಶೇ. 7ಕ್ಕೂ ತುಸು ಕಡಿಮೆ. ಭಯ, ಕೂಲಿ ತಪ್ಪುವ ಚಿಂತೆ, ಮನೆಯ ಜವಾಬ್ದಾರಿ, ವಯಸ್ಸಾದ ಮೇಲೆ ಇಷ್ಟೇ ಎಂಬ ಭಾವನೆ ಇವು ಬಾರದವರು ಕೊಟ್ಟ ಕಾರಣಗಳು. ಬೆಲೆಯನ್ನು ಸೊನ್ನೆಗೆ ಇಳಿಸಿದರೂ ಬಡವನಿಗೆ ಚಿಕಿತ್ಸೆ ಪುಕ್ಕಟೆಯಾಗುವುದಿಲ್ಲ ಎಂಬ ಈ ಸಂಗತಿ ಅಡ್ಡ ಸಹಾಯಧನದ ಸಿದ್ಧಾಂತವನ್ನು ಕೊಂಡಾಡಿದ ಪಠ್ಯಗಳಲ್ಲಿ ಅಪರೂಪ. ಇದರ ಬಳಿಕ, 2004ರಿಂದ ಸಣ್ಣ ಊರುಗಳಲ್ಲಿ ಶಾಶ್ವತ ದೃಷ್ಟಿ ಕೇಂದ್ರಗಳು ತೆರೆದವು. ತರಬೇತಿ ಪಡೆದ ಸಿಬ್ಬಂದಿ ಅಲ್ಲಿಯೇ ಪರೀಕ್ಷಿಸುತ್ತಾರೆ, ವೈದ್ಯರು ದೂರಸಂಪರ್ಕದ ಮೂಲಕ ಮಾತನಾಡುತ್ತಾರೆ. ಈಗ ಅಂಥ ಕೇಂದ್ರಗಳ ಸಂಖ್ಯೆ ನೂರನ್ನು ದಾಟಿದೆ.

ಮಧುಮೇಹದಿಂದ ಅಕ್ಷಿಪಟಲಕ್ಕೆ ಆಗುವ ಹಾನಿಯನ್ನು ಚಿತ್ರದಿಂದಲೇ ಗುರುತಿಸುವ ಗಣಕ ವಿಧಾನವನ್ನು ಗೂಗಲ್ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಅದಕ್ಕೆ ಬಳಸಿದ ಚಿತ್ರಗಳಲ್ಲಿ ಅಮೆರಿಕದವುಗಳ ಜೊತೆಗೆ ಅರವಿಂದ, ಚೆನ್ನೈನ ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯದ ರೋಗಿಗಳವೂ ಇದ್ದವು. ಅರವಿಂದ ಮತ್ತು ಶಂಕರ ನೇತ್ರಾಲಯಗಳಲ್ಲಿ 3,049 ರೋಗಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ವಿಧಾನ ಮನುಷ್ಯ ಪರೀಕ್ಷಕರಿಗೆ ಸರಿಸಮನಾಗಿ ಅಥವಾ ಮೇಲಾಗಿ ನಿಂತಿತು. ಆದರೆ ಪೊರೆಯ ಶಸ್ತ್ರಚಿಕಿತ್ಸೆ ಒಂದು ಸಲ ಮುಗಿಯುವ ಕೆಲಸ. ಮಧುಮೇಹದ ಕಣ್ಣಿಗೆ ಲೇಸರ್, ಚುಚ್ಚುಮದ್ದು, ಮರುತಪಾಸಣೆ ಎಂದು ವರ್ಷಗಟ್ಟಲೆ ಆಸ್ಪತ್ರೆಗೆ ಬರಬೇಕಾಗುತ್ತದೆ. ರೋಗವನ್ನು ಪತ್ತೆಹಚ್ಚುವ ಯಂತ್ರ ಹಳ್ಳಿಯವರೆಗೆ ಹೋದರೂ, ಪ್ರತಿ ಭೇಟಿಗೆ ಒಂದು ದಿನದ ಕೂಲಿಯನ್ನೂ ಜೊತೆಗೆ ಬರುವವರ ಕೂಲಿಯನ್ನೂ ಕಳೆದುಕೊಳ್ಳುವ ರೋಗಿಯ ಲೆಕ್ಕ 1999ರ ಅಧ್ಯಯನ ಕಂಡ ಲೆಕ್ಕಕ್ಕಿಂತ ಹಲವು ಪಟ್ಟು ದೊಡ್ಡದು.