ಊಟದ ಲೆಕ್ಕವೂ ಭಾನುವಾರದ ಗುಡ್ಡವೂ

ಗ್ರಾಮದ ಶಾಲೆಯೊಂದರ ಮುಖ್ಯೋಪಾಧ್ಯಾಯನಾದವನು ಅಕ್ಷರದ ಲೆಕ್ಕದೊಂದಿಗೆ ಅಕ್ಕಿಯ ಲೆಕ್ಕವನ್ನೂ ಇಡಬೇಕಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಕಿರಿಯ ಪ್ರಾಥಮಿಕ ತರಗತಿಯ ಮಗುವೊಂದಕ್ಕೆ 100 ಗ್ರಾಂ ಧಾನ್ಯ, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ. ಮೊದಲನೆಯವರಿಗೆ 450 ಕ್ಯಾಲರಿ, ಎರಡನೆಯವರಿಗೆ 700 ಕ್ಯಾಲರಿ ದೊರೆಯಬೇಕೆಂಬುದು ಸರಕಾರದ ನಿಯಮ. ಈ ಲೆಕ್ಕವನ್ನು ದಿನವೂ ಬರೆದು ರುಜು ಹಾಕುತ್ತಿದ್ದ ನಾನು, ನನ್ನ ಬಟ್ಟಲಿಗೆ ಬೀಳುವ ಅನ್ನ ಎಷ್ಟೆಂಬುದನ್ನು ಐವತ್ತಮೂರು ವರ್ಷ ತುಂಬುವವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದವರು ವೈದ್ಯರು. ನನ್ನ ಎತ್ತರ 165 ಸೆಂಟಿಮೀಟರು, ತೂಕ 82 ಕಿಲೋ, ಸೊಂಟದ ಸುತ್ತಳತೆ 102 ಸೆಂಟಿಮೀಟರು. ಭಾರತೀಯ ಪುರುಷರಲ್ಲಿ ಸೊಂಟವು 90 ಸೆಂಟಿಮೀಟರನ್ನೂ, ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನೂ ಮೀರಿದರೆ ಅಪಾಯದ ಸೂಚನೆಯೆಂದು 2009ರಲ್ಲಿ ನಮ್ಮ ದೇಶದ ತಜ್ಞರು ನಿರ್ಣಯಿಸಿದ್ದಾರೆ. ರಕ್ತದಲ್ಲಿನ ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದು ನಿಂತಿತ್ತು. 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಭಾರತದಲ್ಲಿ ಹೀಗೆ ಹೊಸ್ತಿಲಲ್ಲಿ ನಿಂತವರು 13.6 ಕೋಟಿ, ಒಳಗೆ ಕಾಲಿಟ್ಟವರು 10.1 ಕೋಟಿ. ಈ ಸಂಖ್ಯೆಗಳಿಗಿಂತ ಹೆಚ್ಚಾಗಿ ನನ್ನನ್ನು ಕಲಕಿದ್ದು ಮನೆಯದೇ ಒಂದು ನೆನಪು. ತೋಟದ ತುಂಬ ಓಡಾಡುತ್ತಿದ್ದ ನನ್ನ ತಂದೆಯವರು ಇದೇ ರೋಗದಿಂದ ಬಲಗಾಲಿನ ಮೂರು ಬೆರಳುಗಳನ್ನು ಕಳೆದುಕೊಂಡು, ಕೊನೆಯ ನಾಲ್ಕು ವರ್ಷ ಜಗಲಿಯಿಂದಾಚೆ ಇಳಿಯಲಿಲ್ಲ.

ಎರಡು ಉಪಾಯಗಳು, ಎರಡು ತಪ್ಪುಗಳು

ವೈದ್ಯರ ಸಲಹೆಯಂತೆ ನಾನು ಕೈಗೊಂಡ ಕಾರ್ಯಗಳು ಎರಡು. ಒಂದನೆಯದು, ತಿಂದುದನ್ನೆಲ್ಲ ಬರೆದಿಡುವುದು. ಇನ್ನೊಂದು, ಪ್ರತಿ ಭಾನುವಾರ ಸಹೋದ್ಯೋಗಿಗಳೊಡನೆ ಪೊಸಡಿ ಗುಂಪೆಗೆ ನಡೆದು ಹೋಗುವುದು. ನಮ್ಮ ಕಾಸರಗೋಡು ಜಿಲ್ಲೆಯ ಪೈವಳಿಕೆ ಸೀಮೆಯ ಈ ಗುಡ್ಡ ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ತುಸು ಹೆಚ್ಚು ಎತ್ತರದಲ್ಲಿದೆ. ಆಕಾಶ ತಿಳಿಯಾಗಿದ್ದರೆ ತುದಿಯಿಂದ ಪಡುಗಡಲು ಕಾಣುತ್ತದೆ. ನಮ್ಮ ಮನೆಯಿಂದ ಹೋಗಿ ಬರಲು 12 ಕಿಲೋಮೀಟರು.

ಬರೆದಿಡುವ ಕೆಲಸ ಮೊದಲ ವಾರದಲ್ಲಿಯೇ ಕಣ್ಣು ತೆರೆಸಿತು. ಕುಚ್ಚಲಕ್ಕಿಯ ಗಂಜಿಯನ್ನು ನಾನು ಅಪರಾಧಿಯೆಂದು ಭಾವಿಸಿದ್ದೆ. ನೋಡಿದರೆ, ಲೆಕ್ಕವನ್ನು ಏರಿಸುತ್ತಿದ್ದುದು ಕಣ್ಣಿಗೆ ಬೀಳದ ವಸ್ತುಗಳು. ಒಗ್ಗರಣೆಗೆ ಹೋಗುವ ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸುಮಾರು 120 ಕ್ಯಾಲರಿ ಇದೆ. ಒಂದು ಸಣ್ಣ ಚಮಚ ಸಕ್ಕರೆಯಲ್ಲಿ 20; ದಿನಕ್ಕೆ ನಾಲ್ಕು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ. ಸಂಜೆ ಪತ್ರಿಕೆ ಓದುತ್ತ ಬಾಯಾಡಿಸುವ ಬಾಳೆಕಾಯಿ ಚಿಪ್ಸ್ 100 ಗ್ರಾಮಿಗೆ 500ರಷ್ಟು. ಪಿಷ್ಟ ಮತ್ತು ಪ್ರೋಟೀನು ಗ್ರಾಮಿಗೆ ನಾಲ್ಕು ಕ್ಯಾಲರಿ ಕೊಟ್ಟರೆ, ಕೊಬ್ಬು ಒಂಬತ್ತು ಕೊಡುತ್ತದೆ ಎಂಬ ಪಾಠವನ್ನು ಮಕ್ಕಳಿಗೆ ಹೇಳುತ್ತಿದ್ದವನಿಗೆ ಅದರ ಅರ್ಥ ಆಗ ತಿಳಿಯಿತು.

ಆದರೆ ಈ ಎರಡು ಉಪಾಯಗಳನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ ನಾನು ಎಡವಿದೆ. ನಡೆಯುವ ದಿನ ಊಟವನ್ನೂ ಬಿಟ್ಟರೆ ಇಮ್ಮಡಿ ಲಾಭವೆಂದು ಬಗೆದು, ಒಂದು ಭಾನುವಾರ ಸಕ್ಕರೆಯಿಲ್ಲದ ಕಾಫಿಯೊಂದನ್ನೇ ಕುಡಿದು ಹೊರಟೆ. ಏರಿದ್ದೇನೋ ಏರಿದೆ. ಇಳಿಯುವಾಗ ಬಿಸಿಲೇರಿತ್ತು. ಕೈ ನಡುಗಿತು, ಕಣ್ಣು ಕತ್ತಲಿಟ್ಟಿತು, ಮುರಕಲ್ಲಿನ ಮೇಲೆ ಕುಸಿದು ಕುಳಿತೆ. ಜೊತೆಯಲ್ಲಿದ್ದ ತರುಣ ಅಧ್ಯಾಪಕರು ತಮ್ಮ ಚೀಲದಿಂದ ಬಾಳೆಹಣ್ಣು, ಬೆಲ್ಲ ತೆಗೆದು ಕೈಗಿತ್ತರು. ನಾನು ಆಗಲೂ, "ಇದು ಎಷ್ಟು ಕ್ಯಾಲರಿಯೋ!" ಎಂದೆನಂತೆ. ಅವರು, "ಮಾಷ್ಟ್ರೇ, ಮೊದಲು ತಿನ್ನಿ. ಲೆಕ್ಕವನ್ನು ಮನೆಗೆ ಹೋಗಿ ಬರೆಯುವಿರಂತೆ" ಎಂದರು. ಅಂದು ನಾನೊಬ್ಬನೇ ಹೋಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುವುದುಂಟು.

ಆ ಭಯದಿಂದ ಮುಂದಿನ ಭಾನುವಾರಗಳಲ್ಲಿ ಇದರ ವಿರುದ್ಧದ ತಪ್ಪನ್ನು ಮಾಡಿದೆ. ಇಷ್ಟು ನಡೆದ ಮೇಲೆ ಏನು ತಿಂದರೂ ಕರಗೀತೆಂದು, ಮರಳುವ ದಾರಿಯ ಹೋಟೆಲಿನಲ್ಲಿ ಗೋಳಿಬಜೆ, ಮನೆಯಲ್ಲಿ ಹೋಳಿಗೆ. ಆರು ವಾರ ತೂಕದ ಮುಳ್ಳು ಕದಲಲಿಲ್ಲ. "ನೀವು ಗುಡ್ಡಕ್ಕೆ ಹೋಗುವುದು ಇಳಿಯಲಿಕ್ಕೋ, ಹಸಿವು ತರಲಿಕ್ಕೋ?" ಎಂದು ನನ್ನ ಮನೆಯವರು ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ.

ಗುಡ್ಡ ಕರಗಿಸುವುದೆಷ್ಟು?

ಉತ್ತರಕ್ಕಾಗಿ ಕರಿಹಲಗೆಯ ಮುಂದೆ ನಿಂತೆ. ಸಮತಟ್ಟಿನಲ್ಲಿ ಒಂದು ಕಿಲೋಮೀಟರು ನಡೆದರೆ, ದೇಹದ ಪ್ರತಿ ಕಿಲೋ ತೂಕಕ್ಕೆ ಹೆಚ್ಚುವರಿಯಾಗಿ ವ್ಯಯವಾಗುವುದು ಸುಮಾರು ಅರ್ಧ ಕ್ಯಾಲರಿ. ಹೀಗೆ ನನ್ನ 82 ಕಿಲೋ 12 ಕಿಲೋಮೀಟರು ಸಾಗಲು 500 ಕ್ಯಾಲರಿಯ ಆಸುಪಾಸು. ಏರಿಕೆಗೆ ಬೇರೆ ಲೆಕ್ಕ: ಅಷ್ಟು ಭಾರವನ್ನು 300 ಮೀಟರು ಎತ್ತಲು ಇನ್ನೂ ಇನ್ನೂರು ಚಿಲ್ಲರೆ. ಒಟ್ಟು ಏಳೆಂಟು ನೂರು. ಅರ್ಧ ದಿನ ಬೆವರಿಳಿಸಿ ಗಳಿಸಿದ ಈ ಮೊತ್ತವನ್ನು ಒಂದೂವರೆ ನೂರು ಗ್ರಾಂ ಚಿಪ್ಸು ಕಾಲು ಗಂಟೆಯಲ್ಲಿ ತಿಂದು ಮುಗಿಸಬಲ್ಲದು. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದಾದರೋ ಸುಮಾರು 7,700 ಕ್ಯಾಲರಿ. ಭಾನುವಾರದ ಗುಡ್ಡವೊಂದನ್ನೇ ನೆಚ್ಚಿದವನಿಗೆ, ಊಟ ಮೊದಲಿನಷ್ಟೇ ಇದ್ದರೂ, ಒಂದು ಕಿಲೋ ಇಳಿಯಲು ಎರಡು ತಿಂಗಳಿಗಿಂತ ಹೆಚ್ಚು ಕಾಲ ಬೇಕು.

ಹಾಗಾದರೆ ತೂಕ ಇಳಿಯುವುದೆಲ್ಲಿ? ಅಡುಗೆಮನೆಯಲ್ಲಿ, ಅದೂ ವಾರದ ಉಳಿದ ಆರು ದಿನಗಳಲ್ಲಿ. ದಿನಕ್ಕೆ ಒಂದು ದೊಡ್ಡ ಚಮಚ ಎಣ್ಣೆ, ನಾಲ್ಕು ಚಮಚ ಸಕ್ಕರೆ ಬಿಟ್ಟರೆ 200 ಕ್ಯಾಲರಿ ಉಳಿಯಿತು. ಅದರೊಂದಿಗೆ ಸಂಜೆಯ ಚಿಪ್ಸನ್ನೂ ಬಿಟ್ಟೆ. ಗಂಜಿಯನ್ನಾಗಲಿ, ಹೆಸರು, ಕಡಲೆ, ಮೊಸರುಗಳನ್ನಾಗಲಿ ಕಡಿಮೆ ಮಾಡಲಿಲ್ಲ. ಪ್ರೋಟೀನು ಸಾಲದಿದ್ದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. 65 ಕಿಲೋ ತೂಕದ ವಯಸ್ಕ ಪುರುಷನಿಗೆ ದಿನಕ್ಕೆ 54 ಗ್ರಾಂ ಪ್ರೋಟೀನು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದೆ.

ನಡೆಯುವ ದಿನದ ಕ್ರಮ

ಭಾನುವಾರ ನಾನು ಊಟದಲ್ಲಿ ಏನನ್ನೂ ಉಳಿಸುವುದಿಲ್ಲ. ಬೆಳಗ್ಗೆ ಆರಕ್ಕೆ ಮೊದಲು ನಾಲ್ಕು ನೀರುದೋಸೆ, ಜೊತೆಗೆ ಹೆಸರುಕಾಳಿನ ಪಲ್ಯ. ದಾರಿಯಲ್ಲಿ ಗಂಟೆಗೊಮ್ಮೆ ಒಂದು ಬಾಳೆಹಣ್ಣು, ಇಲ್ಲವೆ ಬೆಲ್ಲ ಕಲಸಿದ ಒಂದು ಮುಷ್ಟಿ ಅವಲಕ್ಕಿ. ಎರಡು ಲೀಟರು ನೀರು, ಒಂದು ಬಾಟಲಿ ಉಪ್ಪು ಹಾಕಿದ ಮಜ್ಜಿಗೆ. ಮರಳಿದ ಮೇಲೆ ದಿನದಂತೆ ಊಟ. ಹೋಟೆಲಿನಲ್ಲಿ ಚಹಾ ಉಂಟು, ಗೋಳಿಬಜೆ ತಿಂಗಳಿಗೊಮ್ಮೆ. ತಿಂದುದನ್ನು ರಾತ್ರಿ ಬರೆಯುತ್ತೇನೆ, ದಾರಿಯಲ್ಲಿ ಬರೆಯುವುದಿಲ್ಲ. ಲೆಕ್ಕದ ಮೊತ್ತವನ್ನು ಶನಿವಾರ ರಾತ್ರಿಗೆ ಇಡೀ ವಾರಕ್ಕೆಂದು ಕೂಡುತ್ತೇನೆ. ಒಂದು ದಿನ ಹೆಚ್ಚಾದರೆ ಮರುದಿನ ಉಪವಾಸ ಕೂರುವ ಅಗತ್ಯವೇ ಇಲ್ಲ.

ಹೊತ್ತಿನ ಲೆಕ್ಕಕ್ಕೂ ಒಂದು ಸೂತ್ರವುಂಟು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದಂತೆ, ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿಯ ಏರಿಕೆಗೆ ಇನ್ನೊಂದು ಗಂಟೆ. ಆ ಪ್ರಕಾರ ನಮ್ಮ ದಾರಿಗೆ ಮೂರು ಗಂಟೆ ಸಾಕು. ಐವತ್ತು ದಾಟಿದವರು, ನಮ್ಮ ಕರಾವಳಿಯ ಸೆಕೆಯಲ್ಲಿ, ಐದು ಗಂಟೆ ಇಟ್ಟುಕೊಳ್ಳುವುದು ಲೇಸು.

ಸೋಮವಾರ ಬೆಳಗ್ಗೆ ತಕ್ಕಡಿ ಹತ್ತಬಾರದು ಎಂಬುದನ್ನೂ ಅನುಭವದಿಂದಲೇ ಕಲಿತೆ. ದಣಿದ ಸ್ನಾಯುಗಳು ನೀರನ್ನು ಹಿಡಿದಿಡುತ್ತವೆ. ಅವು ಸಂಗ್ರಹಿಸುವ ಒಂದು ಗ್ರಾಂ ಪಿಷ್ಟದೊಡನೆ ಸುಮಾರು ಮೂರು ಗ್ರಾಂ ನೀರೂ ಸೇರಿರುತ್ತದೆ. ಆದಕಾರಣ ನಡೆದ ಮರುದಿನ ತೂಕ ಒಂದು ಕಿಲೋ ಏರಿದಂತೆ ಕಂಡು, ಉತ್ಸಾಹ ಕುಗ್ಗುವುದುಂಟು. ನಾನು ಶುಕ್ರವಾರ ಬೆಳಗ್ಗೆ, ಬರಿಹೊಟ್ಟೆಯಲ್ಲಿ ಮಾತ್ರ ತೂಗಿಕೊಳ್ಳುತ್ತೇನೆ.

ಒಂದು ಎಚ್ಚರಿಕೆಯ ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಎದೆನೋವು ಕಂಡವರು, ಮೊದಲು ತಮ್ಮ ವೈದ್ಯರನ್ನು ಕೇಳದೆ ದೀರ್ಘ ನಡಿಗೆಗೆ ಹೊರಡಬಾರದು. ಔಷಧವಿಲ್ಲದ ನನಗೇ ಗುಡ್ಡದ ಮೇಲೆ ಹಾಗಾಯಿತೆಂದರೆ, ಅವರಿಗೆ ಸಕ್ಕರೆ ದಿಢೀರನೆ ಇಳಿದು ಪ್ರಾಣಕ್ಕೇ ಸಂಚಕಾರ ಬರಬಹುದು.

ಪ್ರಿಯ ವಾಚಕರೇ, ಅಕ್ಕಲಕೋಟೆ, ಜತ್ತದ ಮನೆಗಳಲ್ಲಿ ಜೋಳದ ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ಇರಬಹುದು. ತಾಳವಾಡಿ, ಹೊಸೂರುಗಳಲ್ಲಿ ರಾಗಿ ಮುದ್ದೆಯಿರಬಹುದು. ಯಾವ ಸೀಮೆಯ ಊಟವೂ ತಾನಾಗಿ ದೋಷಿಯಲ್ಲ. ಒಂದು ನೋಟುಬುಕ್ಕು ತಂದು ಎರಡು ವಾರ ಪ್ರಾಮಾಣಿಕವಾಗಿ ಬರೆದರೆ, ಹೆಚ್ಚುವರಿ ಎಲ್ಲಿದೆಯೆಂಬುದು ತಾನೇ ಕಾಣಿಸುತ್ತದೆ. ನಡಿಗೆಗೆ ಹತ್ತಿರದ ಯಾವ ಗುಡ್ಡವಾದರೂ, ಕೆರೆಯ ಏರಿಯಾದರೂ ಆದೀತು.

ಹನ್ನೊಂದು ತಿಂಗಳಲ್ಲಿ ನನ್ನ ತೂಕ 75 ಕಿಲೋಗೆ ಬಂದಿದೆ, ಸೊಂಟ 94ಕ್ಕೆ. ಕಾಗದದ ಲೆಕ್ಕದ ಪ್ರಕಾರ ಇನ್ನೂ ಹೆಚ್ಚು ಇಳಿಯಬೇಕಿತ್ತು. ಆದರೆ ದೇಹ ಹಗುರವಾದಂತೆ ಅದರ ಖರ್ಚೂ ಕಡಿಮೆಯಾಗುತ್ತದೆ, ನೆಂಟರ ಮನೆಯ ಪಾಯಸವೂ ನಡುವೆ ಬರುತ್ತದೆ. ಸಕ್ಕರೆ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಿದೆಯೆಂದು ವೈದ್ಯರು ಹೇಳಿದರು. ಕಳೆದ ಭಾನುವಾರ ಗುಡ್ಡದ ತುದಿಯಲ್ಲಿ ಚಪ್ಪಲಿ ಕಳಚಿ, ಕಾಲು ಚಾಚಿ ಕುಳಿತಿದ್ದಾಗ ಹತ್ತೂ ಬೆರಳುಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ತಂದೆಯವರ ನೆನಪಾಯಿತು. ಬಳಿಕ ಚೀಲದಿಂದ ಅವಲಕ್ಕಿ ತೆಗೆದು, ಎಲ್ಲರಿಗೂ ಹಂಚಿ, ನಾನೂ ಒಂದು ಮುಷ್ಟಿ ತಿಂದೆ.